ಮಾರನಹಳ್ಳಿಯ ಡಬಲ್ ಗ್ಲಾಸ್ ಕಿಟಕಿ

ಕೊರೊನಾ ತಗ್ಗಿದ ಮರುವರ್ಷ ನಾನು ಹಾಸನದ ಒಂದು ಕಿಟಕಿ ತಯಾರಿಕಾ ಘಟಕದಲ್ಲಿ ಸೈಟ್ ಸೂಪರ್‌ವೈಸರ್ ಆಗಿದ್ದೆ. ಹಳೆಯ ಮರದ ಕಿಟಕಿ ತೆಗೆದು ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟು ಕೂರಿಸುವುದು ನಮ್ಮ ಕೆಲಸ. ಸಕಲೇಶಪುರದ ಕಡೆ ಮಳೆಗಾಲವಿಡೀ ಥಂಡಿ, ಮಾರ್ಚ್ ಬಂತೆಂದರೆ ಸುಡುವ ಬಿಸಿಲು. ಎರಡನ್ನೂ ಒಂದೇ ಕಿಟಕಿ ತಡೆಯಬೇಕು.

ಮಾರನಹಳ್ಳಿಯಿಂದ ಸುಜಾತ ಎಂಬವರು ಕರೆಸಿದರು. ಅವರ ಗಂಡ ಮಂಜಣ್ಣ ಲಾರಿ ಡ್ರೈವರ್. ಶಿರಾಡಿ ಘಾಟಿಯಲ್ಲಿ ಲಾರಿ ಉರುಳಿ, ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಅವರು ಮಲಗಿದ್ದ ಕೋಣೆ ಘಾಟಿ ಹತ್ತಿ ಬರುವ ಹೆದ್ದಾರಿಯ ಕಡೆಗಿತ್ತು. ಕಿಟಕಿಯ ಸಂದಿಯಿಂದ ನುಗ್ಗುವ ಗಾಳಿಗೆ ಎದೆಯಲ್ಲಿ ಕಫ ಕಟ್ಟುತ್ತಿತ್ತು. ಹಗಲಿಡೀ ಹೀಟರ್ ಉರಿದರೂ ಕೋಣೆ ಬೆಚ್ಚಗಾಗುತ್ತಿರಲಿಲ್ಲ. ನಾನು ಡಬಲ್ ಗ್ಲಾಸ್ ಸೂಚಿಸಿದೆ. ಎರಡು ಗಾಜುಗಳ ನಡುವೆ ಒಣಗಾಳಿ ಹಿಡಿದಿಟ್ಟು ಅಂಚನ್ನು ಬಿಗಿಯಾಗಿ ಮುಚ್ಚಿರುತ್ತಾರೆ; ಚಳಿ, ಬಿಸಿಲು, ಸದ್ದು ಮೂರೂ ತಗ್ಗುತ್ತವೆ.

"ತೆಗೆಯೋ ಬಾಗ್ಲೇ ಬ್ಯಾಡ. ಪೂರ್ತಿ ಮುಚ್ಚೋ ಹಂಗೆ ಹಾಕ್ಬುಡಿ" ಎಂದರು ಸುಜಾತ. ಗಾಳಿಗೆ ಹಿತ್ತಲ ಕಡೆ ಇನ್ನೊಂದು ಕಿಟಕಿ ಇದ್ದುದರಿಂದ ಹಾಗೆಯೇ ಮಾಡಿದೆವು.

ಕೆಲವು ವಾರಗಳ ನಂತರ ಗಾಜಿನ ಅಂಚಿನ ರಬ್ಬರ್ ಪಟ್ಟಿ ಪರೀಕ್ಷಿಸಲು ಹೋದೆ. ಹೀಟರ್ ಆರಿತ್ತು, ಕೋಣೆ ಬೆಚ್ಚಗಿತ್ತು. ಮಂಜಣ್ಣ ಗೋಡೆಯ ಕಡೆ ಮುಖ ಮಾಡಿದ್ದರು. ಊಟ ಬಿಟ್ಟಿದ್ದಾರೆ ಎಂದು ಸುಜಾತ ಬಾಗಿಲಲ್ಲೇ ಹೇಳಿದ್ದರು.

"ಕೆಲ್ಸ ಚೆನ್ನಾಗೈತೆ ಸಾರ್" ಎಂದರು ಮಂಜಣ್ಣ. "ಮೊದ್ಲು ಗಾಡಿ ಘಾಟಿ ಹತ್ತಿ ಬರೋದು ಕೇಳ್ತಿತ್ತು. ಯಾವ ಗೇರಲ್ಲೈತೆ, ಲೋಡ್ ಎಷ್ಟೈತೆ, ಎಲ್ಲಾ ಗೊತ್ತಾಗ್ತಿತ್ತು. ಈಗ ಮಣ್ಣು ಮುಚ್ಚಿದಂಗಾಗೈತೆ."

ಸುಜಾತ ಸೆರಗು ಹಿಡಿದು ನಿಂತಿದ್ದರು. "ಆ ಸದ್ದಿಗೇ ಅಲ್ವಾ ನಾನು ಮುಚ್ಚಿಸಿದ್ದು. ಒಂದೊಂದು ಲಾರಿ ಹೋದಾಗ್ಲೂ ನಿಮ್ಮನ್ನ ಹೊತ್ಕೊಂಡು ಬಂದಿದ್ದೇ ಕಣ್ಮುಂದೆ ಬರ್ತೈತೆ."

"ಯಾವತ್ತೂ ಹೇಳ್ಲಿಲ್ವಲ್ಲೇ" ಎಂದರು ಮಂಜಣ್ಣ.

ಆಕೆ ಹಿತ್ತಲಿಗೆ ಹೋದರು. ನಾನು ಹೊರಡುವಾಗ ಬಂದು, "ತೆಗೆಯೋ ಹಂಗೆ ಮಾಡ್ಕೊಡಿ" ಎಂದಷ್ಟೇ ಹೇಳಿದರು. ಮೇಲ್ಭಾಗ ಒಳಕ್ಕೆ ವಾಲಿ ತೆರೆದುಕೊಳ್ಳುವ ಕಿಟಕಿ ಬಾಗಿಲು ಕೂರಿಸಿದೆವು. ದಿನಾ ಚಳಿ ಕಳೆದು ಬಿಸಿಲು ಬಿದ್ದ ಮೇಲೆ ಆಕೆ ಅದನ್ನು ತೆರೆದಿಟ್ಟು, ಸದ್ದು ಕೇಳದಷ್ಟು ದೂರದ ತೋಟಕ್ಕೆ ಹೋಗುತ್ತಿದ್ದರಂತೆ.

ಮುಂದಿನ ಮಳೆಗಾಲದಲ್ಲಿ ಮಂಜಣ್ಣ ತೀರಿಕೊಂಡರು. ನಾನು ಹೋದಾಗ ಸುಜಾತ ಕೇಳಿದ್ದು ಒಂದೇ ಮಾತು: "ಆ ಕಿಟ್ಕಿ ತೆಗೆದಿದ್ದಕ್ಕೇ ಹಿಂಗಾಯ್ತಾ ಸಾರ್?"

ಮಲಗಿದ್ದಲ್ಲೇ ಆದ ಬೆನ್ನಿನ ಹುಣ್ಣಿನ ನಂಜು ರಕ್ತಕ್ಕೆ ಏರಿತ್ತು, ಎದೆಯಲ್ಲಿ ಕಫವೇನೂ ಇರಲಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದನ್ನೇ ಹೇಳಿದೆ. ಆಕೆ ತಲೆಯಾಡಿಸಿದರು. ನಂಬಿದರೋ ಇಲ್ಲವೋ, ನನಗೆ ಇಂದಿಗೂ ತಿಳಿಯದು.

ಆಮೇಲೆ ಯಾವ ಮನೆಗೆ ಹೋದರೂ ಅಳತೆಯ ಟೇಪು ಬಿಚ್ಚುವ ಮೊದಲು, ಆ ಕೋಣೆಯಲ್ಲಿ ಇರುವ ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಮಾತಾಡಿಸುತ್ತೇನೆ. ಒಂದೇ ಕಿಟಕಿಯಿಂದ ಒಬ್ಬರಿಗೆ ಬೇಕಾದದ್ದು, ಇನ್ನೊಬ್ಬರಿಗೆ ತಾಳಲಾರದ್ದು ಒಟ್ಟಿಗೇ ಒಳಗೆ ಬರುತ್ತಿರಬಹುದು.