ಬೆಕ್ಕು ನೆಕ್ಕುತ್ತಿದ್ದ ಕೈ

ಎಂಬತ್ತರ ದಶಕದಲ್ಲಿ ಅಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಬೆಂದ ಹುಳುವಿನ ನಾತ ಅವರ ಕೈ ಬಿಡುತ್ತಲೇ ಇರಲಿಲ್ಲ. ಅದಕ್ಕೆ ಹೇಸಿ ಮಕ್ಕಳು ನಾವ್ಯಾರೂ ಅವರ ಪಕ್ಕ ಕೂರುತ್ತಿರಲಿಲ್ಲ. ಮನೆಯ ಬೆಕ್ಕು ಮಾತ್ರ ಸಂಜೆ ಬಂದು ಅವರ ಬೆರಳುಗಳನ್ನೆಲ್ಲ ನೆಕ್ಕುತ್ತಿತ್ತು.

"ನಾನಂದ್ರೆ ಇದಕ್ಕೆ ಪ್ರಾಣ ಕಣಮ್ಮ," ಎನ್ನುತ್ತಿದ್ದರು.

ಬಿಎಸ್ಸಿ ಸೇರಿದ ಸೊಕ್ಕಿನಲ್ಲಿ ನಾನೊಮ್ಮೆ ಹೇಳಿಬಿಟ್ಟೆ: "ಪ್ರಾಣನೂ ಇಲ್ಲ, ಮಣ್ಣೂ ಇಲ್ಲಪ್ಪ. ಬೆಕ್ಕಿನ ನಾಲಿಗೆಗೆ ಸಿಹಿನೇ ಗೊತ್ತಾಗಲ್ಲ, ಅದಕ್ಕೆ ಬೇಕಾಗಿರೋದು ಮಾಂಸದ ರುಚಿ. ನಿನ್ ಕೈಲಿರೋ ಹುಳದ ವಾಸ್ನೆಗೆ ಬರ್ತದೆ, ಅಷ್ಟೆ."

ಮರುದಿನ ಅಪ್ಪ ಸೋಪು ಹಚ್ಚಿ, ನಿಂಬೆಸಿಪ್ಪೆಯಿಂದ ಕೈ ತಿಕ್ಕಿ ತೊಳೆದು ಜಗಲಿಯಲ್ಲಿ ಕೂತರು. ಬೆಕ್ಕು ಬಂತು, ಮೂಸಿತು, ಹೋಯಿತು.

ಆ ಕೈ ಈಗ ನಾರುತ್ತಿರಲಿಲ್ಲ. ಆದರೂ ನಾನು ಹೋಗಿ ಪಕ್ಕದಲ್ಲಿ ಕೂರಲಿಲ್ಲ.