ಅಣ್ಣನ ಕಾಲು, ಪಂಚರ ಭಂಡಾರ

ನನ್ನ ಅಣ್ಣನ ಕಾಲು ಮುರಿದದ್ದು ಒಂದು ಬಿಳಿ ಕಾರು. ಆ ಕಾಲನ್ನು ಕೆಡಿಸಿದವರು ಮಾತ್ರ ನಮ್ಮವರೇ. ಈ ಮಾತನ್ನು ಊರ ನಡುವೆ ನಿಂತು ಆಡಿದರೆ, "ಸೋಲಾಪುರ ಸೇರಿದ ಮ್ಯಾಲ ಈಕಿ ನಾಲಿಗಿ ಉದ್ದ ಆಗ್ಯಾದ" ಅನ್ನುತ್ತಾರೆ. ಅನ್ನಲಿ. ನನ್ನ ನಾಲಿಗೆ ಹುಟ್ಟಿನಿಂದಲೇ ಉದ್ದ, ಅದರಲ್ಲಿ ಸೋಲಾಪುರದ ಪಾಲು ಏನೂ ಇಲ್ಲ.

ನಮ್ಮದು ಕರಜಗಿ ಕಡೆಯ ಕುರಿಗಾರರ ಮನೆತನ. ನಾನು ಮದುವೆಯಾಗಿ ಸೋಲಾಪುರಕ್ಕೆ ಬಂದವಳು. ಸಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವ ಕಾರಖಾನೆಯೊಂದರಲ್ಲಿ ಅಂಗಿಗೆ ಕಾಲರ್ ಕೂಡಿಸುವುದು ನನ್ನ ಕೆಲಸ. ಅಣ್ಣ ಮತ್ತು ವೈನಿ ಊರಲ್ಲೇ ಉಳಿದು ಕುರಿ ಕಾಯುತ್ತಾರೆ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಅನ್ನುತ್ತೇವೆ. ನಮ್ಮ ವೈನಿ ಮಾತು ಕಡಿಮೆ. ಹತ್ತು ಮಾತು ಕೇಳಿದರೆ ಒಂದು ಆಡುತ್ತಾಳೆ, ಅದನ್ನೂ ಕೆಲಸ ಮಾಡುತ್ತಲೇ ಆಡುತ್ತಾಳೆ. ಹಾಗಾಗಿ ಆ ದಿನ ರಸ್ತೆಯಲ್ಲಿ ನಡೆದದ್ದನ್ನು ಅವಳ ಬಾಯಿಂದ ಹೊರಡಿಸಲು ನನಗೆ ಸಾಕುಬೇಕಾಯಿತು.

ಬೆಳಿಗ್ಗೆ ಹಿಂಡು ಅಕ್ಕಲಕೋಟೆ ರಸ್ತೆ ದಾಟುತ್ತಿತ್ತು. ವೈನಿ ಮುಂದೆ, ಅಣ್ಣ ಹಿಂದೆ. ದೂರದ ಊರಿನಿಂದ ಅಕ್ಕಲಕೋಟೆಗೆ ದರ್ಶನಕ್ಕೆ ಹೊರಟಿದ್ದ ಕಾರು ಹಾರ್ನ್ ಹೊಡೆಯುತ್ತಲೇ ಬಂದು ಹಿಂಡಿನ ಬಾಲಕ್ಕೆ ನುಗ್ಗಿತು. ಹಾರ್ನ್ ಹೊಡೆದರೆ ಕುರಿ ಹಾದಿ ಬಿಡುತ್ತದೆ ಎಂದು ಆ ಮಹಾಶಯನಿಗೆ ಯಾರು ಹೇಳಿಕೊಟ್ಟಿದ್ದರೋ! ಕೆಲವು ಕುರಿ ಸ್ಥಳದಲ್ಲೇ ಸತ್ತವು. ಬಂಪರ್ ಅಣ್ಣನ ಎಡಗಾಲಿನ ಮೊಣಕಾಲ ಕೆಳಗೆ ಬಡಿಯಿತು. ಚರ್ಮ ಹರಿದು ಎಲುಬು ಕಂಡಿತು. ಆದರೂ ಅಣ್ಣ ಬಿದ್ದಲ್ಲಿಂದ ಎದ್ದು, ಬಡಿಗೆ ಊರಿ, ಒಂಟಿಗಾಲಿನ ಮೇಲೆ ನಿಂತು ಬೆದರಿದ ಕುರಿಗಳನ್ನು ಕೂಗಿ ಕರೆಯತೊಡಗಿದನಂತೆ. ಕಾರಿನವನು ಇಳಿದು ಮೊದಲು ನೋಡಿದ್ದು ತನ್ನ ಬಂಪರನ್ನು.

ರಸ್ತೆ ಬದಿಯ ಚಹಾದ ಹೋಟೆಲಿನಲ್ಲಿ ಊರಿನ ಹಿರಿಯರು ಕೂತಿದ್ದರು. ನ್ಯಾಯ ಹೇಳಲು ಅವರನ್ನು ಯಾರೂ ಕರೆಯಬೇಕಾಗಿಲ್ಲ, ನಾಲ್ಕು ಜನ ಸೇರಿದ ಕಡೆ ತಾವೇ ಬಂದು ಪಂಚರಾಗುತ್ತಾರೆ. ಅವರಲ್ಲೊಬ್ಬ ದೊಡ್ಡ ಮನಸ್ಸಿನಿಂದ ಅಪ್ಪಣೆ ಕೊಡಿಸಿದ.

"ಪೋಲೀಸ್ರು ಬಂದ್ರ ಹಿಂಡು ದಿನಾಪೂರ್ತಿ ರೋಡಿನ ಮ್ಯಾಲೇ ನಿಲ್ತದ. ಕೋರ್ಟು ಕಚೇರಿ ಅಂತ ಯಾಂವ ತಿರಗತಾನ? ಇಲ್ಲೇ ಮಿಟಸೂಣು. ಅಂವ ಸತ್ತ ಕುರಿ ಬೆಲಿ ಕೊಡ್ತಾನ, ನೀ ಕೇಸ್ ಮಾಡಬ್ಯಾಡ."

"ಮತ್ತ ಕಾಲು?" ಎಂದು ವೈನಿ ಕೇಳಿದಳಂತೆ.

"ನೀ ಸುಮ್ನ ಇರವಾ. ಗಂಡಸರು ಮಾತಾಡಾಕತ್ತೀವಿ."

ಇದಾದ ಮೇಲೆ ಭಂಡಾರ ಬಂತು. ಭಂಡಾರ ಎಂದರೆ ಬೀರಪ್ಪನ, ಮೈಲಾರನ ಅರಿಶಿನ ಪುಡಿ. ನಮ್ಮ ಗಂಡಸರ ಸೊಂಟದ ಚೀಲದಲ್ಲಿ ಅದು ಯಾವಾಗಲೂ ಇರುತ್ತದೆ. ಹಣೆಗೆ ಹಚ್ಚುತ್ತಾರೆ, ಕುರಿಯ ಬೆನ್ನಿಗೆ ಹಾರಿಸುತ್ತಾರೆ, ವ್ಯಾಜ್ಯ ಮುಗಿಸುವಾಗ ಅದನ್ನೇ ಮುಟ್ಟಿ ಆಣೆ ಮಾಡುತ್ತಾರೆ. ಭಂಡಾರ ಮುಟ್ಟಿ ಕೊಟ್ಟ ಮಾತಿಗೆ ತಪ್ಪಿದರೆ ಹಿಂಡೇ ಹಾಳಾಗುತ್ತದೆ ಎಂಬ ಅಂಜಿಕೆ ನಮ್ಮವರ ರಕ್ತದಲ್ಲೇ ಇದೆ. ಪಂಚರು ಅಣ್ಣನ ಚೀಲದಿಂದಲೇ ಭಂಡಾರ ತೆಗೆದು ಇಬ್ಬರ ಅಂಗೈಗೂ ಹಾಕಿದರು. ಪೊಲೀಸರ ಕಡೆ ಹೋಗುವುದಿಲ್ಲ ಎಂದು ಅಣ್ಣ ಆಣೆ ಮಾಡಿದ. ಕಾರಿನವನಿಗೆ ಇದೆಲ್ಲ ಎಲ್ಲಿ ಗೊತ್ತು? ಪ್ರಸಾದ ಎಂದುಕೊಂಡು ಕಣ್ಣಿಗೊತ್ತಿ, ಹಣೆಗೆ ಹಚ್ಚಿಕೊಂಡು, ಸತ್ತ ಕುರಿಗಳ ಬೆಲೆ ಎಣಿಸಿ ಕೊಟ್ಟು, ಪಂಚರಿಗೆಲ್ಲ ಕೈಮುಗಿದು ದರ್ಶನಕ್ಕೆ ಹೊರಟುಹೋದ. ಅಂದರೆ ಆಣೆ ಕಟ್ಟಿಹಾಕಿದ್ದು ಪೆಟ್ಟು ತಿಂದವನನ್ನು ಮಾತ್ರ. ಪೆಟ್ಟು ಕೊಟ್ಟವನು ಮಡಿಯಾಗಿ ದೇವರ ಮುಂದೆ ನಿಂತ.

ಉಳಿದ ಭಂಡಾರವನ್ನು ಅಣ್ಣನ ಗಾಯಕ್ಕೆ ತುಂಬಿದರು.

ನನಗೆ ದೇವರ ಮೇಲೆ ಸಿಟ್ಟಿಲ್ಲ. ನಾನೂ ಹಣೆಗೆ ಭಂಡಾರ ಹಚ್ಚುವವಳೇ. ಆದರೆ ಹಣೆಗೆ ಹಚ್ಚುವುದನ್ನು ಎಲುಬು ಕಾಣುವ ಗಾಯಕ್ಕೆ ತುಂಬುತ್ತಾರೆಯೇ? ನಮ್ಮ ಕಾರಖಾನೆಯಲ್ಲಿ ಮಷೀನಿನ ಸೂಜಿ ಬೆರಳಿಗೆ ಚುಚ್ಚಿದರೆ ಏನೂ ಹಚ್ಚಗೊಡುವುದಿಲ್ಲ. ಸ್ವಚ್ಛ ಬಟ್ಟೆ ಸುತ್ತಿ ನೇರ ದವಾಖಾನೆಗೆ ಕಳಿಸುತ್ತಾರೆ. ಒಂದು ಬೆರಳಿಗೆ ಅಷ್ಟು ಜತನ. ಇಲ್ಲಿ ಒಬ್ಬ ಮನುಷ್ಯನ ಕಾಲು ಮುರಿದಿದೆ. ಅವನನ್ನು ಅಲುಗಾಡಿಸದೆ ಮಲಗಿಸಬೇಕು, ಬಟ್ಟೆ ಒತ್ತಿ ಹಿಡಿದು ರಕ್ತ ನಿಲ್ಲಿಸಬೇಕು, ಆಂಬುಲೆನ್ಸ್ ಕರೆಯಬೇಕು, ಕಾರು ನಿಂತ ಜಾಗದ ಫೋಟೋ ತೆಗೆಯಬೇಕು. ಪಂಚರ ಜೇಬಿನಲ್ಲೆಲ್ಲ ದೊಡ್ಡ ದೊಡ್ಡ ಮೊಬೈಲು. ಬೆಳಗಾದರೆ ಹೂವಿನ ಚಿತ್ರ ಕಳಿಸಲು ಆಗುತ್ತದೆ, ಆಂಬುಲೆನ್ಸಿಗೆ ಒಂದು ಫೋನ್ ಮಾಡಲು ಯಾವನ ಕೈಗೂ ಆಗಲಿಲ್ಲ.

ಅಣ್ಣನನ್ನು ಮನೆಗೆ ಹೊತ್ತು ತಂದರು. ಪಕ್ಕದೂರಿನಿಂದ ಎಲುಬು ಕಟ್ಟುವವನು ಬಂದು, ಗಾಯದ ಮೇಲೆಯೇ ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿ ಹೋದ. ಸೋಲಾಪುರದ ದವಾಖಾನೆಗೆ ಒಯ್ಯೋಣ ಎಂದು ವೈನಿ ಅಂದಳಂತೆ. ಪಂಚರು ಬೇಡವೆಂದರು. ಅವರ ಕಾರಣ ಕೇಳಿದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅಪಘಾತದ ಪೆಟ್ಟು ಎಂದು ಗೊತ್ತಾದರೆ ದೊಡ್ಡ ದವಾಖಾನೆಯವರು ತಾವಾಗಿಯೇ ಪೊಲೀಸರಿಗೆ ತಿಳಿಸುತ್ತಾರೆ, ಪೊಲೀಸರು ಬಂದರೆ ಆಣೆ ಮುರಿಯುತ್ತದೆ, ಆದ್ದರಿಂದ ಕಾಲು ಮನೆಯಲ್ಲೇ ಕೊಳೆಯಲಿ!

ನನಗೆ ಇದೊಂದೂ ಗೊತ್ತಿರಲಿಲ್ಲ. ಕಾರು ತಾಗಿತು, ಸ್ವಲ್ಪ ಕಾಲು ನೋವು ಎಂದಷ್ಟೇ ಫೋನಿನಲ್ಲಿ ಅಣ್ಣ ಅಂದಿದ್ದ. ಒಂದು ದಿನ ಮಧ್ಯಾಹ್ನ ವೈನಿಯ ಫೋನ್ ಬಂತು. ಅವಳಾಗಿ ಫೋನ್ ಮಾಡುವವಳೇ ಅಲ್ಲ.

"ಕಾಲು ನಾರಾಕತ್ತದ, ತಂಗಿ. ಜ್ವರಾ ಇಳೀವಲ್ದು."

"ಇಷ್ಟ ದಿನ ಯಾಕ ಸುಮ್ನಿದ್ದಿ ವೈನಿ?"

"ನಿಮ್ಮಣ್ಣಾರು ಬ್ಯಾಡ ಅಂದಾರ. ಇವತ್ತ ಅವರಿಗಿ ಮೈಮ್ಯಾಲ ಖಬರ ಇಲ್ಲ, ಅದಕ್ಕ ಮಾಡೀನಿ."

ಮಷೀನಿನಲ್ಲಿದ್ದ ಕಾಲರ್ ಅಲ್ಲೇ ಬಿಟ್ಟು ಎದ್ದೆ. ಗುರುತಿನವರೊಬ್ಬರ ಜೀಪು ಮಾತಾಡಿ ಊರಿಗೆ ಹೋದೆ. ಮನೆಯ ಬಾಗಿಲಲ್ಲೇ ವಾಸನೆ ಮೂಗಿಗೆ ಹೊಡೆಯಿತು. ಕಟ್ಟಿನ ಕೆಳಗೆ ಅಣ್ಣನ ಪಾದ ಬಾತು ಕಪ್ಪಾಗಿತ್ತು. ಜೀಪು ನೋಡಿ ಹಿರಿಯರೂ ಬಂದರು, "ದೇವರ ಮಾತು ಮೀರಬ್ಯಾಡವಾ" ಎಂದು ಬುದ್ಧಿ ಹೇಳಲು ಶುರುಮಾಡಿದರು. ನಾನು ಏನೇನು ಬೈದೆನೋ ಎಲ್ಲವನ್ನೂ ಇಲ್ಲಿ ಬರೆಯುವುದು ಚೆನ್ನಾಗಿರುವುದಿಲ್ಲ. ಅಪ್ಪನ ಓರಿಗೆಯವರು ಎಂಬುದನ್ನೂ ನೋಡಲಿಲ್ಲ. ಹಾಗೆ ಬೈದದ್ದಕ್ಕೆ ಇವತ್ತಿಗೂ ನನಗೆ ಕೆಡುಕೆನಿಸಿಲ್ಲ. ಜೀಪಿನ ಹಿಂದಿನ ಸೀಟಿನಲ್ಲಿ ಅಣ್ಣನನ್ನು ಮಲಗಿಸಿ, ಕಾಲನ್ನು ವೈನಿಯ ತೊಡೆಯ ಮೇಲಿರಿಸಿ ಸೋಲಾಪುರದ ದವಾಖಾನೆಯೊಂದಕ್ಕೆ ತಂದೆವು.

ಅಲ್ಲಿನ ಡಾಕ್ಟರು ಕಟ್ಟು ಬಿಚ್ಚಿ ನೋಡಿ ಮುಖ ಗಂಟಿಕ್ಕಿದರು. ಕೆಟ್ಟ ಮಾಂಸ ತೆಗೆಯಬೇಕು, ಆಮೇಲೆ ಕಾಲು ಉಳಿಯುತ್ತದೋ ಇಲ್ಲವೋ ಹೇಳುತ್ತೇನೆ ಎಂದರು. ಬರೆದುಕೊಳ್ಳಲು ಪೆನ್ನು ತೆಗೆದು, ಹೇಗಾಯಿತು ಎಂದು ಕೇಳಿದರು. ಅಷ್ಟರಲ್ಲಿ ಸಲೈನ್ ಹರಿದು ಅಣ್ಣನಿಗೆ ಎಚ್ಚರ ಬಂದಿತ್ತು.

"ಜಾಲಿ ಗಿಡದ ಮ್ಯಾಲಿಂದ ಬಿದ್ದೀನ್ರಿ" ಎಂದ ಅಣ್ಣ. "ಆಡಿಗಿ ತೊಪ್ಪಲಾ ಕಡ್ಯಾಕ ಏರಿದ್ದೆ."

ನಡೆಯಲು ಕಲಿತಾಗಿನಿಂದ ಗಿಡ ಏರಿದವನು ನನ್ನ ಅಣ್ಣ. ಮಂಗ ಬಿದ್ದೀತು, ಅವನು ಬೀಳುವವನಲ್ಲ. ಕಾಲು ಹೋಗುವ ಹೊತ್ತಿನಲ್ಲೂ ತನ್ನ ಕಸಬಿಗೆ ತಾನೇ ಮಸಿ ಬಳಿದುಕೊಂಡು ಆ ಕಾರಿನವನನ್ನು ಕಾಪಾಡುತ್ತಿದ್ದ. ನಾನು ಬಾಯಿ ತೆರೆದೆ. ಆದರೆ ನಾನು ಕಣ್ಣಾರೆ ಕಂಡವಳಲ್ಲ, ಮೇಲಾಗಿ ಅಣ್ಣ ನನ್ನ ಕಡೆ ನೋಡಿ, "ನಿನ್ನ ಕಾಲು ಬೀಳ್ತೀನಿ, ಸುಮ್ನಿರು. ಆಣಿ ಮಾಡೀನಿ" ಎಂದ.

ಗೋಡೆಗೆ ಆತು ನಿಂತಿದ್ದ ವೈನಿ ಆಗ ಮುಂದೆ ಬಂದಳು.

"ಗಿಡಾ ಅಲ್ರಿ, ಕಾರು. ನಾ ಅಲ್ಲೇ ಇದ್ದೆ" ಎಂದಳು.

"ಏ, ಭಂಡಾರ ಮುಟ್ಟೀವಿ!" ಅಣ್ಣ ಚೀರಿದ.

"ನೀವು ಮುಟ್ಟೀರಿ. ನನ್ನ ಕೈಯಾಗ ಯಾರೂ ಹಾಕಿಲ್ಲ. ಹೆಣ್ಮಕ್ಕಳಿಗಿ ಕೊಡೂದಿಲ್ಲ ಅಂದಾರ."

ಡಾಕ್ಟರಿಗೆ ಭಂಡಾರದ ಸಂಗತಿ ತಿಳಿಯಿತೋ ಇಲ್ಲವೋ, ಕಾರು ಎಂದು ಬರೆದರು. ನನಗೆ ಮಾತ್ರ ತಿಳಿಯಿತು. ತಲೆತಲಾಂತರದಿಂದ ಪಂಚರು ನಮ್ಮನ್ನು ಹೊರಗಿಟ್ಟು ನ್ಯಾಯ ಮಾಡಿದ್ದಾರೆ. ಹೊರಗೆ ಉಳಿದವರನ್ನು ಆ ನ್ಯಾಯ ಕಟ್ಟಿಹಾಕುವುದಿಲ್ಲ ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ದವಾಖಾನೆಯಿಂದ ಸುದ್ದಿ ಹೋಗಿ ಪೊಲೀಸರು ಬಂದರು. ವೈನಿಯ ಜಬಾಬು ಮರಾಠಿಯಲ್ಲಿ ಬರೆದುಕೊಂಡರು. ಓದಿ ಹೇಳದೆ ಸಹಿ ಮಾಡಬೇಡ ಎಂದು ನಾನು ಅವಳ ಬೆನ್ನಿಗೇ ನಿಂತೆ. ಓದಿಸಿ, ಎರಡು ಕಡೆ ತಿದ್ದಿಸಿದೆವು. ಇಷ್ಟು ತಡ ಯಾಕೆ ಎಂದು ಕೇಳಿದರು. ಕೇಳುವುದು ಅವರ ಕೆಲಸ, ಆ ಪ್ರಶ್ನೆ ಪಂಚರಿಗೆ ಹೋಗಬೇಕಿತ್ತು, ಬಂದದ್ದು ನಮ್ಮ ತಲೆಯ ಮೇಲೆ. ರಸ್ತೆಯ ಮೇಲಿನ ರಕ್ತ ಯಾವಾಗಲೋ ಅಳಿಸಿಹೋಗಿತ್ತು, ಗಾಜಿನ ಚೂರು ಟೈರಿಗೆ ಹತ್ತಿ ಹೋಗಿದ್ದವು. ಇನ್ನು ಪಂಚನಾಮೆಯಲ್ಲಿ ಏನು ಬರೆಯುತ್ತಾರೆ, ಮಣ್ಣು?

"ಗಾಡಿ ನಂಬರಾದರೂ ಗೊತ್ತದ ಏನ್ರಿ?" ಎಂದು ಪೊಲೀಸಪ್ಪ ಕೊನೆಗೆ ಕೇಳಿದ.

"ಮನ್ಯಾಗ ಅದರಿ" ಎಂದಳು ವೈನಿ.

ಡಿಕ್ಕಿ ಹೊಡೆದ ರಭಸಕ್ಕೆ ಕಾರಿನ ಮುಂದಿನ ನಂಬರ್ ಪಟ್ಟಿ ಕಳಚಿ ಚರಂಡಿಗೆ ಬಿದ್ದಿತ್ತಂತೆ. ಒಳ್ಳೆಯ ತಗಡು, ಯಾಕೆ ಬಿಡಬೇಕು ಎಂದು ಇವಳು ಎತ್ತಿ ತಂದು, ಗಾಳಿ ಬಡಿಯದ ಹಾಗೆ ಒಲೆಗೆ ಮರೆಯಾಗಿ ನಿಲ್ಲಿಸಿದ್ದಳು. ಮಸಿ ಹಿಡಿದ ಆ ತಗಡನ್ನು ಬೂದಿ ಹಾಕಿ ತಿಕ್ಕಿದಾಗ ನಂಬರು ಎದ್ದು ಬಂತು. ಕಾರಿನವನು ಸಿಕ್ಕ. ಕಾರಿಗೆ ವಿಮೆ ಇತ್ತು.

ವಿಮೆ ಇರುವುದೇ ಇಂಥದ್ದಕ್ಕೆ. ಕಾರಿನವನು ಎಳೆಯ ಕೂಸಿನ ತಂದೆ, ಪಾಪ, ಕೇಸಾದರೆ ಹಾಳಾಗುತ್ತಾನೆ ಎಂದು ಅವತ್ತು ರಸ್ತೆಯ ಮೇಲೆ ಕರಗಿದ್ದರು ನಮ್ಮ ಪಂಚರು. ಕಾಲಿನ ಪರಿಹಾರ ಕೊಡಬೇಕಾದದ್ದು ವಿಮೆ ಕಂಪನಿ. ಅದನ್ನು ಕೇಳಲು ಪೊಲೀಸ್ ಕೇಸು ಬೇಕು, ದವಾಖಾನೆಯ ಕಾಗದ ಬೇಕು, ಎಕ್ಸ್‌ರೇ ಬೇಕು, ಮುಂದೆ ಕಾಲು ಎಷ್ಟು ಸೋತಿದೆ ಎಂಬ ಡಾಕ್ಟರ ಸರ್ಟಿಫಿಕೇಟು ಬೇಕು. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ಸೋಲಾಪುರದ ಒಬ್ಬ ವಕೀಲರು. ಪಂಚರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ತಪ್ಪೇನಿಲ್ಲ, ಬಾಯಿ ಮುಚ್ಚಿಕೊಂಡು ಗೊತ್ತಿದ್ದವರನ್ನು ಕೇಳಬೇಕಿತ್ತು.

ಅಣ್ಣನ ಕಾಲು ಉಳಿಯಿತು. ಕೆಟ್ಟ ಮಾಂಸ ತೆಗೆದು, ಹೊರಗಿನಿಂದ ಸಲಾಕೆ ಚುಚ್ಚಿ ಎಲುಬು ಹಿಡಿದು ನಿಲ್ಲಿಸಿದರು. ಇನ್ನೊಂದಿಷ್ಟು ದಿನ ತಡವಾಗಿದ್ದರೆ ಕಡಿಯಬೇಕಾಗುತ್ತಿತ್ತು ಎಂದರು ಡಾಕ್ಟರು. ಉಳಿಯಿತು ಎಂದೆ, ಮೊದಲಿನಂತಾಯಿತು ಎನ್ನಲಿಲ್ಲ. ಪಾದದ ಕೀಲು ಮಡಚುವುದಿಲ್ಲ, ಎಡಗಾಲು ತುಸು ಗಿಡ್ಡ. ಹಿಂಡಿನ ಹಿಂದೆ ಮೈಲಿಗಟ್ಟಲೆ ನಡೆಯುವುದು ಇನ್ನು ಅವನಿಗೆ ಇಲ್ಲ. ಕುರಿಗಾರನಿಗೆ ಅದಕ್ಕಿಂತ ದೊಡ್ಡ ಮಾತು ಯಾವುದಿದೆ? ಮೊದಲ ದಿನವೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಡಾಕ್ಟರು ಅಂದದ್ದನ್ನು ನಾನು ಅಣ್ಣನಿಗೆ ಹೇಳಲಿಲ್ಲ. ಅವನೇ ಕೇಳಿಸಿಕೊಂಡಿದ್ದ.

ದವಾಖಾನೆಯಲ್ಲಿ ಇದ್ದಷ್ಟೂ ದಿನ ಅಣ್ಣ ವೈನಿಯ ಜೊತೆ ಮಾತು ಬಿಟ್ಟ. ಅವಳು ಎದುರಿಗೇ ಕೂತು ರೊಟ್ಟಿ ಮುರಿದು ಕೊಡುತ್ತಿದ್ದರೂ, "ಆಕಿಗಿ ಹೇಳು, ನನಗ ಸಾಕು" ಎಂದು ನನಗೆ ಹೇಳುತ್ತಿದ್ದ. ನಾನು ಅವಳ ಕಡೆ ತಿರುಗಿ, "ಸಾಕಂತ ವೈನಿ" ಅನ್ನುತ್ತಿದ್ದೆ. "ಇನ್ನರ್ಧ ತಿನ್ನಾಕ ಹೇಳ್ರಿ" ಎಂದು ಅವಳು ನನಗೇ ಹೇಳುತ್ತಿದ್ದಳು. ಸಿಟ್ಟಿನ ನಡುವೆಯೂ ನನಗೆ ನಗು ತಡೆಯುವುದು ಕಷ್ಟವಾಗುತ್ತಿತ್ತು. ಊರಿನಿಂದ ನೋಡಲು ಬಹಳ ಜನ ಬಂದರು. ಪಂಚರಲ್ಲಿ ಒಬ್ಬನೂ ಬರಲಿಲ್ಲ.

ಅವರು ಬಂದದ್ದು ಅಣ್ಣ ಊರಿಗೆ ಮರಳಿದ ಮೇಲೆ. ಅಂದು ನಾನೂ ಅಲ್ಲಿದ್ದೆ. ಸಂಜೆ ವೈನಿ ಹಿಂಡು ತಂದು ದೊಡ್ಡಿಗೆ ಹಾಕಿ, ಬಾಗಿಲ ಹೊಸ್ತಿಲ ಮೇಲೆ ಕೂತು ಕಾಲಿನ ಮುಳ್ಳು ತೆಗೆದುಕೊಳ್ಳುತ್ತಿದ್ದಳು. ಪಂಚರು ಅವಳನ್ನು ದಾಟಿ ಒಳಗೆ ಬಂದು ಹೊರಸಿನ ಮೇಲೆ ಕೂತರು. ಕಾರಿನವನು ಫೋನ್ ಮಾಡಿ ಅತ್ತನಂತೆ. ಊರಿನ ಮಾತು ಹೋಯಿತಂತೆ. ಇನ್ನು ಮುಂದೆ ನಮ್ಮ ಪಂಚಾಯಿತಿಗೆ ಯಾರು ಮರ್ಯಾದೆ ಕೊಡುತ್ತಾರೆ ಎಂದರು. ಕಾಲು ಹೇಗಿದೆ ಎಂದು ಕೇಳಲಿಲ್ಲ. ನಾನು ಎದ್ದು ನಿಂತಿದ್ದೆ, ನಾಲಿಗೆಯೂ ಸಿದ್ಧವಿತ್ತು. ಅಣ್ಣ ಕೈ ಮಾಡಿ ನನ್ನನ್ನು ಕೂರಿಸಿದ.

"ನಿನ್ನ ಹೇಂತಿ ನಿನ್ನ ಮಾತ ಮುರದಾಳ" ಎಂದ ಅವರಲ್ಲಿ ಹಿರಿಯನೊಬ್ಬ. "ಕೇಸ್ ವಾಪಸ್ ತಗೊ ಅಂತ ನೀನರ ಆಕಿಗಿ ಹೇಳು."

ಅಣ್ಣ ತನ್ನ ಕಾಲು ನೋಡಿಕೊಂಡ.

"ನಾ ಯಾಕ ಹೇಳ್ಲಿ ಕಾಕಾ?" ಎಂದ. "ಅಲ್ಲಿ ನೋಡ್ರಿ, ಬಾಗಲದಾಗ ಕುಂತಾಳ. ನೀವೇ ಕೇಳ್ರಿ. ಅವತ್ತ ರೋಡಿನ ಮ್ಯಾಲೂ ಆಕಿನ್ನ ಒಂದ ಮಾತ ಕೇಳಬೇಕಾಗಿತ್ತು."

ವೈನಿ ಮುಳ್ಳು ತೆಗೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು, ಕೇಳಿದರೆ ಉತ್ತರ ಕೊಡಬೇಕಲ್ಲ ಎಂದು. ಪಂಚರು ಎದ್ದು, ಸೀರೆಗೆ ಕಾಲು ತಾಗದಂತೆ ಅವಳನ್ನು ದಾಟಿ, ಚಪ್ಪಲಿ ಮೆಟ್ಟಿ ಹೋದರು. ಒಬ್ಬನೂ ಕೇಳಲಿಲ್ಲ.