‘ಲಾಬೆಸ್’ ಆದ ಮೇಲಿನ ಮಾತು

ಡಾಕ್ಟರ್ ರೌದಾ ಘೊರ್ಬೆಲ್ ಅವರಿಗೆ ಕಿವಿ ಕೇಳುವುದಿಲ್ಲ ಎಂಬ ಸುದ್ದಿ, ಸ್ಫಾಕ್ಸ್ ನಗರದ ಆ ಆಸ್ಪತ್ರೆಗೆ ಬರುವ ತರಬೇತಿ ವೈದ್ಯರಿಗೆ ಬಿಳಿ ಕೋಟಿಗಿಂತ ಮೊದಲೇ ಸಿಗುತ್ತಿತ್ತು. ಯುಸ್ರಾ ಮಾಲೆಜಳಿಗೂ ಸಿಕ್ಕಿತು. ಜೊತೆಗೆ ಓದಿದ ಸ್ಕಂದರ್ ಕಾಫಿ ಹೀರುತ್ತ ಹೇಳಿದ: “ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ರೌಂಡ್ಸಲ್ಲಿ ಸುಮ್ನೆ ಕೂತಿರ್ತಾರೆ. ನೀನು ಏನು ಒದರಿದ್ರೂ ತಲೆ ಆಡಿಸ್ತಾರೆ. ಪುಣ್ಯವಂತೆ ಕಣೇ ನೀನು!”

ಸುದ್ದಿ ಸುಳ್ಳು. ಕಾರಿಡಾರಿನ ಆ ತುದಿಯಲ್ಲಿ ಯಾರೋ ಕೆಮ್ಮಿದರೆ, ಅದರಲ್ಲಿ ಕಫವಿದೆಯೇ ಇಲ್ಲವೇ ಎಂದು ಈ ತುದಿಯಿಂದ ಹೇಳಬಲ್ಲ ಕಿವಿ ಅವರದು. ಆರು ವರ್ಷಗಳ ಹಿಂದಿನವರೆಗೆ ಅವರೂ ಉಳಿದ ಹಿರಿಯರಂತೆ ಹಾಸಿಗೆಯ ತಲೆದೆಸೆಯಲ್ಲಿ ನಿಂತು, ರೋಗಿಗೆ ಅರ್ಥವಾಗದ ಫ್ರೆಂಚಿನಲ್ಲಿ, ಹತ್ತು ಜನರೆದುರು ಕಿರಿಯರನ್ನು ಗದರುತ್ತಿದ್ದರು. ಒಂದು ಬೆಳಿಗ್ಗೆ, ಏನನ್ನಿಸಿತೋ, ಮುಖ್ಯ ದಾದಿಯ ಕೈಗೆ ತಮ್ಮ ಗಡಿಯಾರವನ್ನು ಕೊಟ್ಟು, “ಈ ತರಬೇತಿ ಮಕ್ಕಳು ಮಾತು ಶುರು ಮಾಡಿದ ಎಷ್ಟು ಹೊತ್ತಿಗೆ ನಾನು ಅಡ್ಡ ಬಾಯಿ ಹಾಕ್ತೀನಿ, ಸ್ವಲ್ಪ ನೋಡು” ಎಂದರು. ಹದಿನಾಲ್ಕು ಸೆಕೆಂಡು ಎಂದು ದಾದಿ ಅಂಜುತ್ತಲೇ ತಿಳಿಸಿದಳು. ಮರುದಿನ ರೌದಾ ಒಂದು ಸ್ಟೂಲು ತರಿಸಿ ಹಾಸಿಗೆಯ ಕಾಲ್ದೆಸೆಯಲ್ಲಿ ಹಾಕಿಕೊಂಡು, ಅಡ್ಡ ಬಾಯಿ ಹಾಕದೆ ಕೂತರು; ಕಿವುಡಿನ ಸುದ್ದಿ ಹುಟ್ಟಿದ್ದು ಆಗಲೇ. ಅಲ್ಲಿಂದ ಅವರು ನೋಡುತ್ತಿದ್ದುದು ರೋಗಿಯನ್ನಷ್ಟೇ ಅಲ್ಲ, ರೋಗಿಯನ್ನು ನೋಡುತ್ತಿರುವವರನ್ನೂ.

ಯುಸ್ರಾಳಿಗೆ ಇದೊಂದೂ ಗೊತ್ತಿರಲಿಲ್ಲ. ಹಿಂದಿನ ವಾರ್ಡಿನಲ್ಲಿ ಬೈಸಿಕೊಂಡು ಬೈಸಿಕೊಂಡು ಅವಳಿಗೆ ಒಂದೇ ವಿದ್ಯೆ ಕರಗತವಾಗಿತ್ತು: ಬೇಗ ಮುಗಿಸುವುದು.

ಅವಳ ಎರಡನೆಯ ವಾರದ ಮಂಗಳವಾರ, ಹನ್ನೊಂದನೆಯ ಹಾಸಿಗೆಯ ಖ್ಮೈಸ್ ಊರಿಗೆ ಹೊರಟು ಕೂತಿದ್ದರು. ಕೆರ್ಕೆನ್ನಾ ದ್ವೀಪದ ಮೀನುಗಾರ, ಅರವತ್ತೇಳು ವರ್ಷ. ಶ್ವಾಸಕೋಶದ ಸೋಂಕಿಗೆಂದು ಸೇರಿದ್ದರು, ಜ್ವರ ಇಳಿದಿತ್ತು. ಸಂಜೆ ನಾಲ್ಕರ ಹಡಗು ಹಿಡಿಯುವ ಆತುರದಲ್ಲಿ ಬೆಳಿಗ್ಗೆಯೇ ಬೂಟು ಏರಿಸುತ್ತಿದ್ದರು. ಅವರನ್ನು ಬಿಡುಗಡೆ ಮಾಡುವ ಕಾಗದ ಯುಸ್ರಾಳ ಕೈಯಲ್ಲಿತ್ತು. ರೌದಾ ಸ್ಟೂಲಿನಲ್ಲಿದ್ದರು.

“ಲಾಬೆಸ್, ದೊಡ್ಡಪ್ಪ?” ಎಂದಳು ಯುಸ್ರಾ. ಕ್ಷೇಮವೇ ಎಂದು ಕೇಳುವುದಕ್ಕೂ ಕ್ಷೇಮ ಎಂದು ಹೇಳುವುದಕ್ಕೂ ಅಲ್ಲಿ ಅದೊಂದೇ ಮಾತು.

“ಲಾಬೆಸ್ ಮಗಳೇ, ದೇವರ ದಯ.”

“ಎದೆ ನೋವು?”

“ಲಾಬೆಸ್, ಲಾಬೆಸ್.”

“ಉಸಿರಾಟ?”

“ಅಯ್ಯೋ, ಲಾಬೆಸ್ ಅಂದ್ನಲ್ಲ ತಾಯಿ! ಹಡಗು ನಿನಗೋಸ್ಕರ ಕಾಯುತ್ತಾ?”

‘ಯಾವ ತೊಂದರೆಯೂ ಇಲ್ಲ’ ಎಂದು ಬರೆದು ಯುಸ್ರಾ ಕಾಗದವನ್ನು ಸಹಿಗೆ ಚಾಚಿದಳು. ರೌದಾ ಅದನ್ನು ಮುಟ್ಟದೆ ಎದ್ದು ಕಾರಿಡಾರಿಗೆ ನಡೆದರು. ಬೈಗುಳ ಬಂತೆಂದು ಯುಸ್ರಾ ಹಲ್ಲು ಕಚ್ಚಿ ಹಿಂಬಾಲಿಸಿದಳು.

“ಬೀದೀಲಿ ನಿನ್ನ ಪಕ್ಕದ ಮನೆಯವರು ಸಿಕ್ಕಿದ್ರೆ ಏನಂತೀಯ?”

“ಲಾಬೆಸ್ ಅಂತ, ಮೇಡಂ.”

“ಅವರೇನಂತಾರೆ?”

“ಲಾಬೆಸ್ ಅಂತ.”

“ಮನೇಲಿ ಸಾವಾಗಿದ್ರೂ?”

“ಸಾವಾಗಿದ್ರೂ... ಮೊದಲು ಹಾಗೇ ಅಂತಾರೆ.”

“ಹಾಗಾದ್ರೆ ಈಗ ನೀನು ಮಾಡಿದ್ದು ಪರೀಕ್ಷೆನೋ, ನಮಸ್ಕಾರನೋ?”

ಅವಳ ಮುಖ ಕೆಂಪಾಯಿತು. ರೌದಾ ದನಿ ಏರಿಸಲಿಲ್ಲ. “ಇಪ್ಪತ್ತೆರಡು ವರ್ಷದ ಹಿಂದೆ ಎಲ್ ಹೆಂಶಾದಿಂದ ಒಬ್ಬ ಹೆಂಗಸು ಬಂದಿದ್ಲು. ಮೂರು ಸಲ ಲಾಬೆಸ್ ಅಂದ್ಲು. ಮೂರು ಸಲಾನೂ ನಂಬಿ ಮನೆಗೆ ಕಳಿಸಿದೆ. ಎರಡು ದಿನ ಆದ್ಮೇಲೆ ಅವಳ ಗಂಡ ಒಬ್ಬನೇ ಬಂದ, ಸಾವಿನ ಪತ್ರ ಕೇಳ್ಕೊಂಡು.”

ಯುಸ್ರಾ ತಲೆ ಎತ್ತಿ ನೋಡಿದಳು. ಏಳು ವರ್ಷದ ಓದಿನಲ್ಲಿ, ತಾವು ಮಾಡಿದ ತಪ್ಪನ್ನು ಹೀಗೆ ಬಾಯಿಬಿಟ್ಟು ಹೇಳಿದ ಹಿರಿಯರನ್ನು ಅವಳು ಕಂಡಿರಲಿಲ್ಲ.

“ಹೋಗಿ ಕೂತ್ಕೊ,” ಎಂದರು ರೌದಾ. “ನಿಂತಲ್ಲ, ಕೂತು. ಲಾಬೆಸ್ ಅನ್ನಲಿ. ಆಮೇಲೆ ಸುಮ್ನಿರು. ನಾನೂ ಬಾಯಿ ಬಿಡಲ್ಲ.”

ಯುಸ್ರಾ ಪೆನ್ನು ಹಿಡಿದೇ ಮಂಚದ ಅಂಚಿನಲ್ಲಿ ಕೂತಳು. ಸಮುದ್ರದ ಬಗ್ಗೆ ವಿಚಾರಿಸಿದಳು. ಲಾಬೆಸ್ ಎಂದರು ಖ್ಮೈಸ್. ಅವಳು ಸುಮ್ಮನಾದಳು. ಮುಂದಿನ ಪ್ರಶ್ನೆ ನಾಲಿಗೆಯ ತುದಿಗೆ ಬಂದು ಒದ್ದಾಡಿತು, ಅದನ್ನು ನುಂಗಿದಳು. ಎಷ್ಟೋ ಹೊತ್ತು ಏನೂ ಆಗಲಿಲ್ಲ.

“ಏನಮ್ಮಾ, ಡಾಕ್ಟ್ರಿಗೆ ಮಾತೇ ಮರೆತುಹೋಯ್ತಾ?” ಎಂದು ಖ್ಮೈಸ್ ನಕ್ಕರು. ಅವಳೂ ನಕ್ಕಳು, ಮತ್ತೆ ಕಾದಳು. ಅವರ ನಗು ಮೆಲ್ಲಗೆ ಇಳಿಯಿತು. ನೋಟ ತಮ್ಮ ಅಂಗೈಗಳ ಮೇಲೆ ಬಿತ್ತು.

“ಆಕ್ಟೋಪಸ್ ಹಿಡಿಯೋಕೆ ಸಮುದ್ರದ ತಳಕ್ಕೆ ಇಳಿಸೋ ಗಡಿಗೆ ಇದೆಯಲ್ಲ, ಒಂದೇ ಹಗ್ಗಕ್ಕೆ ನಲವತ್ತು ಕಟ್ಟಿರ್ತೀವಿ. ಹೋದ ವರ್ಷ ನಲವತ್ತನ್ನೂ ನಿಲ್ಲದೆ ಎಳೀತಿದ್ದೆ. ಈಗ ಐದನೇದು ಬರೋಷ್ಟರಲ್ಲಿ ಹಗ್ಗ ಕಾಲಡಿ ಅದುಮಿಕೊಂಡು ಕೂತುಬಿಡ್ತೀನಿ.” ಬಿಗಿದ ಮುಷ್ಟಿಯನ್ನು ಎದೆಯ ನಡುವೆ ಇಟ್ಟರು. “ಯಾರೋ ಇಲ್ಲಿ ಮಂಡಿ ಊರಿದ ಹಾಗೆ. ಕೂತ್ರೆ ಹೋಗುತ್ತೆ. ನೋವಲ್ಲ, ಮಗಳೇ. ನೋವಾಗಿದ್ರೆ ಹೇಳ್ತಿರ್ಲಿಲ್ವಾ?”

ಯುಸ್ರಾ ಪಾಠದ ಪುಸ್ತಕದಲ್ಲಿ ಓದಿದ್ದ ಅರ್ಧ ಪುಟದ ವಿವರ, ಒಬ್ಬ ಮುದುಕನ ಎದೆಯ ಮೇಲೆ ಮುಷ್ಟಿಯಾಗಿ ಕೂತಿತ್ತು. ಒಂದು ಗಳಿಗೆಯ ಹಿಂದೆ ತಾನು ಇವರನ್ನು ಹಡಗು ಹತ್ತಿಸಿ, ಆ ಹಗ್ಗದ ಬಳಿಗೇ ಕಳಿಸಲಿದ್ದೆ! ಅವಳು ಬಿಡುಗಡೆಯ ಕಾಗದವನ್ನು ಎರಡಾಗಿ ಹರಿದಳು.

“ದೊಡ್ಡಪ್ಪ, ಇವತ್ತಿನ ಹಡಗು ಬೇಡ. ನಿಮ್ಮ ಹೃದಯ ನೋಡ್ಬೇಕು.”

“ಬಾಯಿ ಬಿಟ್ಟಿದ್ದೇ ತಪ್ಪಾಯ್ತಲ್ಲಪ್ಪ!” ಎಂದು ಗೊಣಗುತ್ತ ಖ್ಮೈಸ್ ಬೂಟು ಕಳಚತೊಡಗಿದರು.

ಹೊರಗೆ ಬಂದ ಮೇಲೆ ಅವಳು ತಡೆಯಲಾರದೆ ಕೇಳಿದಳು. “ನಿಮಗೆ ಮೊದಲೇ ಗೊತ್ತಿತ್ತಾ ಮೇಡಂ?”

“ಅನುಮಾನ ಇತ್ತು. ಒಂದು ಬೂಟು ಹಾಕಿ, ಇನ್ನೊಂದಕ್ಕೆ ಮುಂಚೆ ದಣಿವಾರಿಸ್ಕೊಂಡರು.”

“ನೀವೇ ಕೇಳಬಹುದಿತ್ತಲ್ಲ!”

“ಆ ಕಾಗದಕ್ಕೆ ನಾನಂತೂ ಸಹಿ ಹಾಕ್ತಿರ್ಲಿಲ್ಲ. ಆದ್ರೆ ನಾನೇ ಕೇಳಿದ್ರೆ ಇವತ್ತು ಇವರೊಬ್ಬರು ಉಳೀತಿದ್ರು. ನೀನು ಇನ್ನೂ ಮೂವತ್ತು ವರ್ಷ ಜನರನ್ನ ಕೇಳ್ಬೇಕಲ್ಲಮ್ಮ.” ಮತ್ತೆ ಸೇರಿಸಿದರು: “ಅವರು ನಕ್ಕಾಗ ನೀನೂ ನಕ್ಕು ಕಾದೆಯಲ್ಲ, ಅದು ಚೆನ್ನಾಗಿತ್ತು. ಮುಂದಿನ ಸಲ ಪೆನ್ನು ಜೇಬಲ್ಲಿರಲಿ. ಜನ ಅದನ್ನೇ ನೋಡ್ತಿರ್ತಾರೆ.”

ಅಷ್ಟೇ. ಒಂದು ಮೆಚ್ಚುಗೆ, ಒಂದು ತಿದ್ದುಪಡಿ. ರೌದಾ ಹನ್ನೆರಡನೆಯ ಹಾಸಿಗೆಯ ಕಡೆ ನಡೆದರು. ಆ ಬಡಕಲು ಬೆನ್ನನ್ನು ನೋಡುತ್ತ ಯುಸ್ರಾ ನಿಂತೇ ಇದ್ದಳು. ಉತ್ತರವನ್ನು ಕೈಯಲ್ಲಿಟ್ಟುಕೊಂಡೂ ಅದನ್ನು ಇನ್ನೊಬ್ಬರು ಕಂಡುಕೊಳ್ಳುವವರೆಗೆ ಸುಮ್ಮನಿರಲು ಎಷ್ಟು ಬಲ ಬೇಕೋ, ಅವಳ ಅಂದಾಜಿಗೆ ಸಿಗಲಿಲ್ಲ.

ಖ್ಮೈಸರ ಹೃದಯದ ಒಂದು ರಕ್ತನಾಳ ಮುಕ್ಕಾಲು ಪಾಲು ಕಟ್ಟಿತ್ತು. ಗುರುವಾರ ಅದನ್ನು ತೆರೆದರು. ಮುಂದಿನ ವಾರ ಅವರು ದ್ವೀಪಕ್ಕೆ ಮರಳಿದರು, ಈಗಲೂ ಸಮುದ್ರಕ್ಕೆ ಇಳಿಯುತ್ತಾರೆ. ರೌದಾ ಅವರ ನಿವೃತ್ತಿಗೆ ಇನ್ನು ಎರಡು ವರ್ಷಗಳಿವೆ. ಯುಸ್ರಾ ತರಬೇತಿ ಮುಗಿಸಿ ಈಗ ಮಹ್ರೆಸ್ ಪಟ್ಟಣದ ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಾಳೆ, ಅವಳ ಕೈಕೆಳಗೆ ಇಬ್ಬರು ತರಬೇತಿ ವೈದ್ಯರಿದ್ದಾರೆ.